ಗುಜರಿ ಅಂಗಡಿಯ ಜಾದೂ ಪೆಟ್ಟಿಗೆ

ಗುಜರಿಯವನು ಗೇಟಿನ ಹತ್ತಿರ ಬಂದು ಕೂಗಿದಾಗ ನೀವು ಏನೇನು ಕೊಡುತ್ತೀರಿ? ಸುಟ್ಟುಹೋದ ಮಿಕ್ಸಿ, ನಿಂತುಹೋದ ಅಲಾರಾಂ ಗಡಿಯಾರ, ಅಜ್ಜಿಯ ಕಾಲದ ಪಂಪ್ ಸ್ಟವ್, ಕೆಲಸ ಮಾಡದ ಸ್ಟೆಬಿಲೈಜರ್, ಮೂತಿ ಒಡೆದ ಹಿತ್ತಾಳೆ ಗಿಂಡಿ. ಮನೆಯಲ್ಲಿ ಜಾಗ ಖಾಲಿಯಾದರೆ ಸಾಕು ಎಂದು ಅವನು ಹೇಳಿದ ಬೆಲೆಗೆ ಒಪ್ಪಿಬಿಡುತ್ತೇವೆ. ಈ ವಸ್ತುಗಳಿಂದಲೇ ನಮ್ಮ ಶಾಲೆಯ ಆರು ಮಂದಿ ಹುಡುಗಿಯರು ಒಂದು ಜಾದೂ ಪೆಟ್ಟಿಗೆಯನ್ನೂ ಒಂದು ಜಾದೂ ಗಿಂಡಿಯನ್ನೂ ತಯಾರಿಸಿದರು ಎಂದರೆ ನೀವು ನಂಬುತ್ತೀರಾ? ಅದರಿಂದ ಒಬ್ಬ ತಾಯಿಯ ಕಣ್ಣು ತೆರೆಯಿತು ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ವಿಜ್ಞಾನ ನನ್ನ ವಿಷಯವಲ್ಲ. ನಾನು ಮದ್ರಸದಲ್ಲಿ ಕಲಿತವಳು. ಬಿ.ಎ. ಮುಗಿಸಿದ್ದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ. ಬೆಳಿಗ್ಗೆ ಮದ್ರಸದಲ್ಲಿ ಪುಟ್ಟ ಮಕ್ಕಳಿಗೆ, ಹಗಲು ಹೊತ್ತು ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಮಾಡುತ್ತೇನೆ. ಶಾಲೆಯ ವಸ್ತು ಪ್ರದರ್ಶನಕ್ಕೆ ಒಂಬತ್ತನೇ ತರಗತಿಯ ಹುಡುಗಿಯರು ಒಂದು ಚಿತ್ರ ತಂದು ತೋರಿಸಿದರು. ಹಿತ್ತಾಳೆಯ ಕೊಳವೆಗಳು, ಹಲ್ಲಿನ ಚಕ್ರಗಳು, ಮುಳ್ಳು ತಿರುಗುವ ಮೀಟರುಗಳು, ಚರ್ಮದ ಪಟ್ಟಿಗಳು ಎಲ್ಲ ಸೇರಿದ ವಿಚಿತ್ರ ಯಂತ್ರ ಅದು. "ಟೀಚರ್, ಇದಕ್ಕೆ ಸ್ಟೀಮ್‌ಪಂಕ್ ಅಂತ ಹೇಳುತ್ತಾರೆ. ನಾವು ಇದೇ ತರ ಜಾದೂ ಸಾಮಾನು ಮಾಡ್ತೇವೆ" ಎಂದರು.

ಸ್ಟೀಮ್‌ಪಂಕ್ ಎಂಬ ಹೆಸರನ್ನು 1987ರಲ್ಲಿ ಕೆ.ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಕಾದಂಬರಿಕಾರ ಬಳಕೆಗೆ ತಂದರು. ವಿದ್ಯುತ್ತಿನ, ಕಂಪ್ಯೂಟರಿನ ಕಾಲ ಬಾರದೆ ಹಬೆಯಂತ್ರದ ಕಾಲವೇ ಮುಂದುವರಿದಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಕಲ್ಪನೆ ಅದು. ಮೊದಲು ಕತೆ ಕಾದಂಬರಿಗಳಲ್ಲಿತ್ತು, ಆಮೇಲೆ ಹಳೆಯ ಬಿಡಿಭಾಗಗಳನ್ನು ಜೋಡಿಸಿ ವಸ್ತುಗಳನ್ನು ಮಾಡುವ ಹವ್ಯಾಸವಾಗಿ ಬೆಳೆಯಿತು. ಇವತ್ತಿನ ಮೊಬೈಲನ್ನು ಎಷ್ಟು ತಿರುಗಿಸಿ ನೋಡಿದರೂ ಒಳಗೆ ಏನು ನಡೆಯುತ್ತದೆಂದು ತಿಳಿಯುವುದಿಲ್ಲ. ಹಳೆಯ ಅಲಾರಾಂ ಗಡಿಯಾರವನ್ನು ಬಿಚ್ಚಿದರೆ ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆಂದು ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ಅದು ಇಷ್ಟವಾಗುವುದು ಅದಕ್ಕೇ ಇರಬೇಕು.

ನನಗೆ ಮಾತ್ರ ಅದನ್ನು ಕೇಳಿದಾಗ ನೆನಪಾದದ್ದು ಒಂದು ಅರಬಿ ಪದ: ಹಿಯಲ್. ಈ ಪದಕ್ಕೆ ತಂತ್ರ, ಉಪಾಯ ಎಂಬ ಅರ್ಥವಿದೆ. ಚಮತ್ಕಾರದ ಯಂತ್ರಗಳಿಗೂ ಅದೇ ಪದ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರಿದ್ದರು: ಮುಹಮ್ಮದ್, ಅಹ್ಮದ್ ಮತ್ತು ಹಸನ್. ಅವರು ಬರೆದ 'ಕಿತಾಬುಲ್ ಹಿಯಲ್'ನಲ್ಲಿ ಸುಮಾರು 100 ಯಂತ್ರಗಳ ವಿವರಗಳಿವೆ. ಅವುಗಳಲ್ಲಿ ಬಹುಪಾಲು ನೀರು ಮತ್ತು ಗಾಳಿಯ ಒತ್ತಡದಿಂದ ಆಟವಾಡುವ ಹೂಜಿ, ಕಾರಂಜಿಗಳು. 1206ರಲ್ಲಿ ಅಲ್ ಜಝರಿ ಎಂಬ ಕುಶಲಕರ್ಮಿ ಇಂದಿನ ಟರ್ಕಿಯ ದಿಯಾರ್‌ಬಕೀರ್‌ನಲ್ಲಿ ಅರ್ತುಕಿದ್ ದೊರೆಗಾಗಿ 50 ಯಂತ್ರಗಳ ಪುಸ್ತಕ ಬರೆದರು. ಆನೆಯ ಮೇಲೆ ಕುಳಿತ ಗಡಿಯಾರ, ವುಝೂಗೆ ನೀರು ಸುರಿದು ಟವೆಲು ಮತ್ತು ಕನ್ನಡಿ ನೀಡುವ ಗೊಂಬೆ ಅದರಲ್ಲಿವೆ. ಯಾವ ತುಂಡನ್ನು ಎಷ್ಟು ಅಳತೆಗೆ ಮಾಡಬೇಕು, ಎಲ್ಲಿ ಕೂರಿಸಬೇಕು ಎಂದು ಇನ್ನೊಬ್ಬ ಕೆಲಸಗಾರ ನೋಡಿ ಮಾಡುವಷ್ಟು ಸ್ಪಷ್ಟವಾಗಿ ಅವರು ಬರೆದಿದ್ದಾರೆ.

ಇನ್ನೊಂದು ವಿಷಯ ತಿಳಿದರೆ ನಿಮಗೂ ಆಶ್ಚರ್ಯವಾದೀತು. ಅದೇ ಅರ್ತುಕಿದ್ ಮನೆತನದ ಮುಂದಿನ ದೊರೆಯೊಬ್ಬನಿಗಾಗಿ ಅದೇ ಹದಿಮೂರನೇ ಶತಮಾನದಲ್ಲಿ ದಮಾಸ್ಕಸ್ಸಿನ ಅಲ್ ಜೌಬರಿ ಎಂಬವರು ಇನ್ನೊಂದು ಪುಸ್ತಕ ಬರೆದರು. ಸುಳ್ಳು ಪವಾಡಗಾರರು, ನಕಲಿ ವೈದ್ಯರು, ಚಿನ್ನ ಮಾಡಿಕೊಡುತ್ತೇವೆನ್ನುವ ವಂಚಕರು ಜನರನ್ನು ಹೇಗೆ ಮೋಸಗೊಳಿಸುತ್ತಾರೆ ಎಂದು ಒಂದೊಂದಾಗಿ ಬಯಲು ಮಾಡುವ ಪುಸ್ತಕ ಅದು. ಅದರ ಇಂಗ್ಲಿಷ್ ಅನುವಾದವೂ 2020ರಲ್ಲಿ ಬಂದಿದೆ. ಒಂದೇ ಮನೆತನದ ಆಶ್ರಯದಲ್ಲಿ ಒಬ್ಬರು ತಂತ್ರವನ್ನು ಕಟ್ಟುವುದು ಹೇಗೆಂದು ಬರೆದರು, ಮತ್ತೊಬ್ಬರು ತಂತ್ರದ ಬಣ್ಣ ಬಯಲು ಮಾಡುವುದು ಹೇಗೆಂದು ಬರೆದರು. ನಮ್ಮ ಹುಡುಗಿಯರು ಇವೆರಡನ್ನೂ ಮಾಡಲಿ ಎಂದು ನಾನು ಒಪ್ಪಿಕೊಂಡೆ.

ಯಾವ ಜಾದೂ ಮಾಡುವುದು ಎಂದು ಹುಡುಕುವಾಗ ರಾಬರ್ಟ್ ಹೂದಾಂ ಎಂಬ ಫ್ರೆಂಚ್ ಜಾದೂಗಾರನ ವಿಷಯ ಸಿಕ್ಕಿತು. 1805ರಲ್ಲಿ ಹುಟ್ಟಿದ ಇವನು ಗಡಿಯಾರ ರಿಪೇರಿ ಮಾಡುವವನ ಮಗ, ಅವನೂ ಅದೇ ಕೆಲಸ ಕಲಿತವನು. 1845ರಲ್ಲಿ ಪ್ಯಾರಿಸಿನಲ್ಲಿ ಸ್ವಂತ ಜಾದೂ ರಂಗಮಂದಿರ ತೆರೆದ. ಅವನ ಹೆಸರಾಂತ ಆಟಗಳಲ್ಲಿ ಒಂದು 'ಹಗುರ ಮತ್ತು ಭಾರದ ಪೆಟ್ಟಿಗೆ'. ಚಿಕ್ಕ ಮಗುವೂ ಎತ್ತಬಹುದಾದ ಪೆಟ್ಟಿಗೆ ಅದು. ಆದರೆ ಅವನು ಬಯಸಿದ ಕ್ಷಣ ಎಂಥ ಬಲಶಾಲಿಗೂ ಅದನ್ನು ಅಲುಗಾಡಿಸಲು ಆಗುತ್ತಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಕಬ್ಬಿಣ, ನೆಲದಡಿಯಲ್ಲಿ ವಿದ್ಯುತ್ ಅಯಸ್ಕಾಂತ. ಇಷ್ಟೇ ಗುಟ್ಟು. ತಂತಿ ಸುತ್ತಿದ ಕಬ್ಬಿಣಕ್ಕೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗುತ್ತದೆ, ನಿಲ್ಲಿಸಿದರೆ ಬಲ ಕಳೆದುಕೊಳ್ಳುತ್ತದೆ. ಆ ಕಾಲದ ಸಾಮಾನ್ಯ ಜನರಿಗೆ ಇದು ಗೊತ್ತಿರಲಿಲ್ಲ.

1856ರಲ್ಲಿ ಫ್ರೆಂಚ್ ಸರಕಾರ ಈ ಜಾದೂಗಾರನನ್ನು ಅಲ್ಜೀರಿಯಾಕ್ಕೆ ಕಳುಹಿಸಿತು. 1830ರಲ್ಲಿ ಆ ಮುಸ್ಲಿಮ್ ನಾಡಿಗೆ ನುಗ್ಗಿದ ಫ್ರೆಂಚರಿಗೆ ಅಲ್ಲಿನ ಜನರ ಪ್ರತಿರೋಧ ತಲೆನೋವಾಗಿತ್ತು. ಜನರ ಮೇಲೆ ಪ್ರಭಾವವಿದ್ದ ಅಲ್ಲಿಯ ಮರಬೂತ್ ಎಂಬ ಧಾರ್ಮಿಕ ಮುಖಂಡರಿಗಿಂತ ಫ್ರೆಂಚರು ಹೆಚ್ಚು ಶಕ್ತಿಯವರೆಂದು ತೋರಿಸಬೇಕಿತ್ತು. ರಾಬರ್ಟ್ ಹೂದಾಂ ಅಲ್ಜೀರ್ಸಿನ ರಂಗಮಂದಿರದಲ್ಲಿ ಅರಬ್ ಮುಖಂಡರ ಮುಂದೆ ಅದೇ ಪೆಟ್ಟಿಗೆಯನ್ನಿಟ್ಟು, ಒಬ್ಬ ಬಲಶಾಲಿ ಯುವಕನನ್ನು ಕರೆದು, "ನಿನ್ನ ಶಕ್ತಿಯನ್ನು ಕಿತ್ತುಕೊಳ್ಳುತ್ತೇನೆ" ಎಂಬಂತೆ ಹೇಳಿ ಎತ್ತಿಸಿದ. ಯುವಕನಿಗೆ ಎತ್ತಲಾಗಲಿಲ್ಲ. ಹಿಡಿಕೆಗೆ ವಿದ್ಯುತ್ ಆಘಾತವನ್ನೂ ಕೊಡಲಾಯಿತು. ಯುವಕ ಹೆದರಿ ಓಡಿಹೋದ. ಇದನ್ನು ಜಾದೂಗಾರನೇ ತನ್ನ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾನೆ. ತನ್ನದು ಬರೀ ಕೈಚಳಕ ಎಂದು ಆಮೇಲೆ ಭಾಷಾಂತರಕಾರರ ಮೂಲಕ ತಿಳಿಸಿದ್ದಾಗಿಯೂ ಹೇಳಿಕೊಂಡಿದ್ದಾನೆ.

ಇದನ್ನು ಓದಿ ಹೇಳಿದಾಗ ಹುಡುಗಿಯೊಬ್ಬಳಿಗೆ ಸಿಟ್ಟು ಬಂತು. "ಟೀಚರ್, ಆ ಯುವಕನಿಗೆ ನಿಜವಾಗಿಯೂ ಶಕ್ತಿ ಇತ್ತು. ಅವನಿಗೆ ಇಲ್ಲದೇ ಇದ್ದದ್ದು ಗುಟ್ಟು ಗೊತ್ತಿಲ್ಲದ್ದು ಮಾತ್ರ" ಎಂದಳು. ವಾಕ್ಯ ಸರಿಯಾಗಿರಲಿಲ್ಲ, ಮಾತು ಮಾತ್ರ ನೂರಕ್ಕೆ ನೂರು ಸರಿ. ಗೊತ್ತಿದ್ದವನ ಮುಂದೆ ಗೊತ್ತಿಲ್ಲದವನು ಬಲಹೀನನಾಗುತ್ತಾನೆ, ಅವನ ತೋಳಿನಲ್ಲಿ ಎಷ್ಟೇ ಕಸುವಿದ್ದರೂ.

ನಮ್ಮೂರ ಹೆದ್ದಾರಿ ಬದಿಯಲ್ಲಿ ಒಬ್ಬ ಕಾಕನ ಗುಜರಿ ಅಂಗಡಿಯಿದೆ. ಕಬ್ಬಿಣ ಒಂದು ಕಡೆ, ಹಿತ್ತಾಳೆ ಒಂದು ಕಡೆ, ತಾಮ್ರದ ತಂತಿ ಒಳಗೆ ಬೀಗದಡಿ. ಹಿತ್ತಾಳೆಗೆ ಕಬ್ಬಿಣದ ಹತ್ತು ಪಟ್ಟಿಗೂ ಮೀರಿದ ಬೆಲೆ. ಹಾಗಾಗಿ ಕಾಕ ನಮಗೆ ಕಬ್ಬಿಣವನ್ನು ಪುಕ್ಕಟೆ ಕೊಟ್ಟು, ಹಿತ್ತಾಳೆಯನ್ನು ತೂಕ ಮಾಡಿ, ಬರೆದಿಟ್ಟು, ಕಡವಾಗಿ ಕೊಟ್ಟರು. "ಆಟ ಮುಗಿದ ಮೇಲೆ ವಾಪಸು ತಂದು ಕೊಡಿ ಮಕ್ಕಳೇ" ಎಂದರು. ನಾವು ತಂದದ್ದು ಒಂದು ಹಳೆಯ ಸ್ಟೆಬಿಲೈಜರ್, ಹೊಲಿಗೆ ಮೆಷಿನಿನ ಮರದ ಡ್ರಾವರ್, ಟ್ರಂಕಿನ ಹಿಡಿಕೆ, ಪೆಟ್ರೋಮ್ಯಾಕ್ಸಿನ ಒತ್ತಡ ತೋರಿಸುವ ಮೀಟರು, ನಾಲ್ಕು ಅಲಾರಾಂ ಗಡಿಯಾರ, ಒಂದು ಟೇಪ್ ರೆಕಾರ್ಡರ್, ಪಂಪ್ ಸ್ಟವ್ವಿನ ಟ್ಯಾಂಕಿ. ಹಿತ್ತಾಳೆಯನ್ನೆಲ್ಲ ಹುಣಸೆಹುಳಿ ಮತ್ತು ಉಪ್ಪು ಹಾಕಿ ತಿಕ್ಕಿ ಬೆಳಗಿದೆವು. ಈ ವಿದ್ಯೆಯನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಪೆಟ್ಟಿಗೆಯ ಕೆಲಸ ಹೀಗೆ. ಸ್ಟೆಬಿಲೈಜರಿನೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ತೆಳ್ಳಗಿನ ಕಬ್ಬಿಣದ ಹಾಳೆಗಳಿಂದ ಆಗಿದೆ. ಕೆಲವು ಇಂಗ್ಲಿಷಿನ 'ಇ' ಅಕ್ಷರದ ಆಕಾರ, ಕೆಲವು 'ಐ' ಅಕ್ಷರದ ಆಕಾರ. ಹಾಳೆಗಳನ್ನೆಲ್ಲ ಬಿಡಿಸಿ, 'ಐ'ಗಳನ್ನು ಬದಿಗಿಟ್ಟು, 'ಇ'ಗಳನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿ, ನಡುವಿನ ಕಾಲಿಗೆ ದಪ್ಪ ತಾಮ್ರದ ತಂತಿಯ ಸುರುಳಿ ತೊಡಿಸಿದರೆ ಗಟ್ಟಿಯಾದ ಅಯಸ್ಕಾಂತ ಸಿಗುತ್ತದೆ. ಮೂರು ಕಾಲುಗಳೂ ಮೇಲ್ಮುಖವಾಗಿ ಇರುವಂತೆ ಅದನ್ನು ಮೇಜಿನ ಹಲಗೆಯಲ್ಲಿ ಕೊರೆದ ತೂತಿನಲ್ಲಿ ಕೂರಿಸಿದೆವು. ಬೈಕಿನ 12 ವೋಲ್ಟ್ ಬ್ಯಾಟರಿ, ಬೈಕಿನದೇ ಹಾರ್ನ್ ರಿಲೇ, ಚಾಪೆಯ ಅಡಿಯಲ್ಲಿ ಕಾಲಿನಿಂದ ಒತ್ತಲು ಕಾಲಿಂಗ್ ಬೆಲ್ಲಿನ ಸ್ವಿಚ್. ಇದನ್ನೆಲ್ಲ ಊರಿನ ಎಲೆಕ್ಟ್ರಿಷಿಯನ್ ಎದುರಿಗೆ ನಿಂತು ಮಾಡಿಸಿದರು. ಮನೆಯ ಕರೆಂಟನ್ನು ಇಂಥ ಆಟಕ್ಕೆ ಖಂಡಿತ ಮುಟ್ಟಬಾರದು, ಬ್ಯಾಟರಿ ಮಾತ್ರ. ಸುರುಳಿ ಬಿಸಿಯಾಗುತ್ತದೆ, ಆದ್ದರಿಂದ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು.

ಪೆಟ್ಟಿಗೆಯ ತಳಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಕಬ್ಬಿಣದ ಪ್ಲೇಟು ಹಾಕಿದೆವು. ತೆಳು ತಗಡು ಸಾಲದು, ಹಿಡಿತ ಬರುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದು ತಮಾಷೆ ನಡೆಯಿತು. ಸ್ವಿಚ್ ಬಿಟ್ಟರೂ ಪೆಟ್ಟಿಗೆ ಸ್ವಲ್ಪ ಅಂಟಿಕೊಂಡೇ ಇತ್ತು. ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತದ ಗುಣ ಉಳಿದುಬಿಡುತ್ತದಂತೆ. ಮೇಜಿನ ಮೇಲೆ ತೆಳು ಹಿತ್ತಾಳೆಯ ಹಾಳೆ ಹೊದಿಸಿದಾಗ ಆ ತೊಂದರೆ ಹೋಯಿತು. ಹಿತ್ತಾಳೆಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಅದರ ಬಲ ಹಿತ್ತಾಳೆಯ ಮೂಲಕ ಹಾದುಹೋಗುತ್ತದೆ. ಅಂದಕ್ಕೆಂದು ತಂದ ಹಿತ್ತಾಳೆ ಹೀಗೆ ಗುಟ್ಟನ್ನು ಮುಚ್ಚುವ ಕೆಲಸವನ್ನೂ ಮಾಡಿತು.

ಪೆಟ್ಟಿಗೆಯ ಮೇಲ್ಭಾಗವನ್ನು ನೋಡಬೇಕಿತ್ತು ನೀವು. ಗಡಿಯಾರದ ಚಕ್ರಗಳು, ಪೆಟ್ರೋಮ್ಯಾಕ್ಸಿನ ಮೀಟರು, ಸ್ಟವ್ವಿನ ಟ್ಯಾಂಕಿ, ಕುಕ್ಕರಿನ ವಿಶಲ್. ಟೇಪ್ ರೆಕಾರ್ಡರಿನ ಚಿಕ್ಕ ಮೋಟಾರು ತಿರುಗಿದರೆ ಚಕ್ರಗಳು ಗರಗರನೆ ತಿರುಗುತ್ತವೆ, ಕೆಂಪು ಬಲ್ಬು ಉರಿಯುತ್ತದೆ. ಆದರೆ ಸಹೋದರಿಯರೇ, ಗಮನಿಸಿ. ಈ ಚಕ್ರಗಳಿಗೂ ಪೆಟ್ಟಿಗೆ ಭಾರವಾಗುವುದಕ್ಕೂ ಯಾವ ಸಂಬಂಧವೂ ಇಲ್ಲ. ನಿಜವಾದ ಕೆಲಸ ನಡೆಯುವುದು ಮೇಜಿನ ಕೆಳಗೆ, ಚಾಪೆಯ ಅಡಿಯಲ್ಲಿ. ಮೇಲಿನ ಹೊಳಪು ಇರುವುದು ನಿಮ್ಮ ಕಣ್ಣನ್ನು ಅಲ್ಲಿಯೇ ಕಟ್ಟಿಹಾಕಲು. ಜಾದೂವಿನ ಅರ್ಧ ಭಾಗ ಇದೇ. ಮೋಸದ ಅರ್ಧ ಭಾಗವೂ ಇದೇ.

ಎರಡನೆಯದು ಗಿಂಡಿ. ನನ್ನ ಉಮ್ಮನ ಮನೆಯಲ್ಲಿ ವುಝೂಗೆ ಬಳಸುತ್ತಿದ್ದ ಹಿತ್ತಾಳೆ ಗಿಂಡಿಯ ಮೂತಿ ಸೀಳಿತ್ತು. ಕಲಾಯಿ ಹಾಕುವವರೊಬ್ಬರ ಹತ್ತಿರ ಅದನ್ನು ಸರಿಪಡಿಸಿ, ಒಳಗೆ ನಡುವೆ ಒಂದು ತಗಡಿನ ಗೋಡೆ ಬೆಸುಗೆ ಹಾಕಿಸಿದೆವು. ಒಂದು ಕಡೆ ಕೆಂಪು ನೀರು, ಇನ್ನೊಂದು ಕಡೆ ಹಸಿರು ನೀರು. ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಹಿಡಿಕೆಯ ಹತ್ತಿರ ಎರಡು ಸಣ್ಣ ತೂತುಗಳು, ಒಂದೊಂದು ಕೋಣೆಗೆ ಒಂದೊಂದು. ಒಂದು ತೂತನ್ನು ಬೆರಳಿನಿಂದ ಮುಚ್ಚಿದರೆ ಆ ಕೋಣೆಗೆ ಗಾಳಿ ಹೋಗುವುದಿಲ್ಲ, ಅಲ್ಲಿಯ ನೀರು ಹೊರಗೆ ಬರುವುದಿಲ್ಲ. ಬೆರಳು ಬದಲಿಸಿದರೆ ಬಣ್ಣ ಬದಲಾಗುತ್ತದೆ. ಬನೂ ಮೂಸಾ ಸಹೋದರರ ಹೂಜಿಗಳಲ್ಲಿ ಕೆಲಸ ಮಾಡುವುದೂ ಇಂಥ ತತ್ವವೇ. ಜ್ಯೂಸ್ ಕುಡಿಯುವ ನಳಿಗೆಯನ್ನು ನೀರಿನಲ್ಲಿ ಮುಳುಗಿಸಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಮೇಲೆತ್ತಿ ನೋಡಿ, ನೀರು ಬೀಳುವುದಿಲ್ಲ. ನಿಮ್ಮ ಮಕ್ಕಳಿಗೆ ಇವತ್ತೇ ತೋರಿಸಬಹುದು. ಬೆಸುಗೆಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಆ ಗಿಂಡಿಯ ನೀರನ್ನು ಯಾರೂ ಕುಡಿಯಬಾರದೆಂದು ಅದರ ಮೇಲೆಯೇ ಬರೆದಿಟ್ಟೆವು.

ಅಷ್ಟರಲ್ಲಿ ಪ್ರಶ್ನೆ ಬಂದೇ ಬಂತು. "ನೀವು ಮದ್ರಸದಲ್ಲಿ ಕಲಿಸುವವರು. ಮಕ್ಕಳಿಗೆ ಜಾದೂ ಕಲಿಸುವುದೇ? ಸಿಹ್ರ್ ಹರಾಮಲ್ಲವೇ?" ಎಂದು ನೆರೆಯ ಹಿರಿಯ ಮಹಿಳೆಯೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಮೂಸಾ ಪ್ರವಾದಿಯವರ ಎದುರು ಫಿರ್‌ಔನನ ಜಾದೂಗಾರರು ಎಸೆದ ಹಗ್ಗ, ಕೋಲುಗಳು ಹಾವಿನಂತೆ ಹರಿದಾಡಿದಂತೆ ಕಂಡವು ಎಂಬುದನ್ನು ನಾವೆಲ್ಲ ಓದಿದ್ದೇವೆ. ಅವುಗಳೊಳಗೆ ಪಾದರಸ ತುಂಬಿಸಿದ್ದರು, ಬಿಸಿಲಿನ ಶಾಖಕ್ಕೆ ಅದು ಚಲಿಸುತ್ತಿತ್ತು ಎಂದು ಹಳೆಯ ಕೆಲವು ತಫ್ಸೀರ್‌ಕಾರರೇ ವಿವರಿಸಿದ್ದಾರೆ. ಒಳಗೆ ಏನಿದೆ ಎಂದು ಹುಡುಕುವ ಮನಸ್ಸು ನಮ್ಮ ಹಿರಿಯರಲ್ಲಿ ಇತ್ತು ಎಂದು ಅವರಿಗೆ ಹೇಳಿದೆ. ಹುಡುಗಿಯರಿಗೆ ಮೂರು ಷರತ್ತುಗಳನ್ನೂ ಹಾಕಿದ್ದೆ. ಮಂತ್ರ, ಜಿನ್ನ್, ದಿವ್ಯಶಕ್ತಿ ಎಂಬ ಮಾತು ಆಟದಲ್ಲಿ ಬರಬಾರದು. ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳಬಾರದು. ಆಟ ಮುಗಿದ ಮೇಲೆ ಮೇಜಿನ ಬಟ್ಟೆ ಎತ್ತಿ ಎಲ್ಲವನ್ನೂ ತೋರಿಸಬೇಕು. ಆ ಹಿರಿಯರು ಮೂರನೆಯದನ್ನು ಕೇಳಿ, "ತೋರಿಸುವುದಾದರೆ ನಾನೂ ಬರುತ್ತೇನೆ" ಎಂದರು. ಬಂದು ಮುಂದಿನ ಸಾಲಿನಲ್ಲೇ ಕುಳಿತರು.

ಪ್ರದರ್ಶನದ ದಿನ ಎಲ್‌ಕೆಜಿಯ ಮಗುವೊಂದು ಪೆಟ್ಟಿಗೆಯನ್ನು ಎತ್ತಿ ನಗುತ್ತಾ ಕೆಳಗಿಟ್ಟಿತು. ಆಮೇಲೆ ನಮ್ಮ ಪಿ.ಟಿ. ಮಾಸ್ಟರು ತೋಳು ಮಡಚಿ ಬಂದರು. ಚಕ್ರಗಳು ತಿರುಗಿದವು, ಕೆಂಪು ದೀಪ ಉರಿಯಿತು, ಮಾಸ್ಟರರ ಮುಖವೂ ಕೆಂಪಾಯಿತು, ಪೆಟ್ಟಿಗೆ ಅಲುಗಲಿಲ್ಲ. ಸಭೆಯೆಲ್ಲ ನಗು. ಕೊನೆಗೆ ಬಟ್ಟೆ ಎತ್ತಿ, ಚಾಪೆ ಸರಿಸಿ, ಹುಡುಗಿಯರು ಒಂದೊಂದೇ ಭಾಗ ತೋರಿಸಿದರು. ಆಟಕ್ಕಿಂತ ಹೆಚ್ಚು ಚಪ್ಪಾಳೆ ಬಂದದ್ದು ಆಗ.

ಮೂರು ದಿನದ ಮೇಲೆ ಆ ಆರು ಹುಡುಗಿಯರಲ್ಲಿ ಒಬ್ಬಳ ತಾಯಿ ಶಾಲೆಗೆ ಬಂದರು. ಎಲ್ಲರೂ ಹೋಗುವವರೆಗೆ ಕಾದು, "ಟೀಚರ್, ಅರಶಿನ ನೀರು ರಕ್ತ ಆಗುವುದು ಕೂಡಾ ಹೀಗೆಯೇ ಏನಾದರೂ ಇರಬಹುದಾ?" ಎಂದು ಮೆಲ್ಲಗೆ ಕೇಳಿದರು. ಮಗಳಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಮದುವೆಗೆ ಅಡ್ಡಿಯಾದೀತೆಂದು ಯಾರಿಗೂ ಹೇಳಿರಲಿಲ್ಲ. ದೂರದ ಊರಿನ ಒಬ್ಬಾತ ಸಿಹ್ರ್ ತೆಗೆಯುತ್ತಾನೆಂದು ಕೇಳಿ ಹೋಗಿದ್ದರು. ಅವನು ಬಟ್ಟಲಿನ ಅರಶಿನ ನೀರಿನಲ್ಲಿ ಕೈ ಅದ್ದಿದಾಗ ನೀರು ಕೆಂಪಾಯಿತಂತೆ. "ನೋಡು, ಯಾರೋ ಮಾಡಿಸಿದ್ದು ರಕ್ತವಾಗಿ ಹೊರಗೆ ಬಂತು, ಇನ್ನೂ ಉಳಿದಿದೆ" ಎಂದನಂತೆ. ಎರಡು ಚಿನ್ನದ ಬಳೆ ಮತ್ತು ಐದು ತಿಂಗಳು ಅಲ್ಲಿಗೆ ಹೋದವು. ಮೂರ್ಛೆ ಮಾತ್ರ ಹೋಗಲಿಲ್ಲ.

ನಾನು ಉತ್ತರ ಹೇಳುವ ಮೊದಲೇ ಮಗಳು ಅಡುಗೆ ಕೋಣೆಯಿಂದ ಅರಶಿನ ತಂದು ನೀರಿನಲ್ಲಿ ಕದಡಿದಳು. ಅಂಗೈಗೆ ವೀಳ್ಯದ ಸುಣ್ಣ ಸವರಿ ಅದ್ದಿದಳು. ನೀರು ಕೆಂಪಾಯಿತು. ಅದರ ಮೇಲೆ ಲಿಂಬೆ ಹಿಂಡಿದಳು. ಕೆಂಪು ಹೋಗಿ ಪುನಃ ಹಳದಿಯಾಯಿತು. ಅರಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ಹುಳಿ ಸೇರಿದರೆ ಹಳದಿ. ನಮ್ಮ ನಾಡಿನ ಓಕುಳಿ ಆಗುವುದೂ ಹೀಗೆಯೇ. ಆ ತಾಯಿ ಬಹಳ ಹೊತ್ತು ಬಟ್ಟಲನ್ನೇ ನೋಡುತ್ತಾ ಕುಳಿತರು. ಆಮೇಲೆ, "ಸುಣ್ಣ ನಾನು ದಿನಾ ಮುಟ್ಟುತ್ತೇನಲ್ಲ ಟೀಚರ್" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಅವರನ್ನು ನಾನು ದೂಷಿಸುವುದಿಲ್ಲ, ನೀವೂ ದೂಷಿಸಬೇಡಿ. ಮಗಳ ನೋವು ಕಂಡ ತಾಯಿ ಯಾವ ಬಾಗಿಲನ್ನಾದರೂ ತಟ್ಟುತ್ತಾಳೆ. ಕೆಂಪು ದೀಪ, ತಿರುಗುವ ಚಕ್ರಗಳ ಜಾಗದಲ್ಲಿ ಅಲ್ಲಿ ಧೂಪ, ಹಸಿರು ಬಟ್ಟೆ, ಜಪಮಣಿ ಇದ್ದವು. ಕಣ್ಣು ಅಲ್ಲಿ ನಿಂತಿತು, ಅಂಗೈ ನೋಡಲಿಲ್ಲ. ಅಷ್ಟೇ ವ್ಯತ್ಯಾಸ. ಮೂರ್ಛೆ ರೋಗ ಮೆದುಳಿಗೆ ಸಂಬಂಧಿಸಿದ್ದು. ಸಾವಿರ ವರ್ಷಗಳ ಹಿಂದೆ ಇಬ್ನು ಸೀನಾ ಕೂಡ ತನ್ನ ವೈದ್ಯ ಗ್ರಂಥದಲ್ಲಿ ಅದನ್ನು ಮೆದುಳಿನ ಕಾಯಿಲೆಗಳ ಸಾಲಿನಲ್ಲೇ ಸೇರಿಸಿದ್ದಾರೆ. ಸರಿಯಾಗಿ ಪತ್ತೆ ಹಚ್ಚಿ ಮದ್ದು ಕೊಟ್ಟರೆ ನೂರರಲ್ಲಿ 70ರಷ್ಟು ಮಂದಿ ಮೂರ್ಛೆ ಬಾರದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಾರವೇ ಅವರನ್ನು ನರರೋಗ ತಜ್ಞರ ಬಳಿಗೆ ಕರೆದುಕೊಂಡು ಹೋದೆವು. ಹುಡುಗಿ ಮದ್ದು ತಪ್ಪಿಸದೆ ತೆಗೆದುಕೊಳ್ಳುತ್ತಾಳೆ. ಒಂದು ವರ್ಷ ದಾಟಿತು, ಒಂದೇ ಒಂದು ಸಲ ಮೂರ್ಛೆ ಬಂದಿದೆ. ಅಲ್‌ಹಮ್ದುಲಿಲ್ಲಾಹ್. ಬಳೆಗಳು ಮಾತ್ರ ತಿರುಗಿ ಬಂದಿಲ್ಲ.

ನಮ್ಮ ರಾಜ್ಯದಲ್ಲಿ ಇಂಥ ವಂಚನೆಗಳ ವಿರುದ್ಧ ದನಿಯೆತ್ತಿದವರು ಹಿಂದೆಯೂ ಇದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದ್ದರು. 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ರಾಜ್ಯದಲ್ಲಿ ಕಾಯ್ದೆಯೂ ಆಯಿತು. ಆದರೆ ಕಾಯ್ದೆ ಬರುವುದು ಬಳೆ ಹೋದ ಮೇಲೆ. ಬಳೆ ಹೋಗುವ ಮೊದಲು ನಮ್ಮನ್ನು ಕಾಯಬೇಕಾದದ್ದು ನಮ್ಮದೇ ಕಣ್ಣು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹೆಣ್ಣು ಮಕ್ಕಳ ಕೈಗೆ ಒಂದು ಸ್ಕ್ರೂ ಡ್ರೈವರ್ ಕೊಡಿ. ಕೆಟ್ಟುಹೋದ ಗಡಿಯಾರವನ್ನು ಬಿಚ್ಚಲು ಬಿಡಿ. ಪ್ಲಗ್ಗಿಗೆ ಹಾಕುವ ವಸ್ತುಗಳನ್ನು ಮಾತ್ರ ದೊಡ್ಡವರು ಜೊತೆಯಲ್ಲಿದ್ದು ಬಿಚ್ಚಿಸಿ. ಪುನಃ ಜೋಡಿಸಲು ಆಗದಿದ್ದರೂ ಬೈಯಬೇಡಿ. ಒಳಗೆ ಏನಿದೆ ಎಂದು ನೋಡುವ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಅದು ಕೈ ಬಿಡುವುದಿಲ್ಲ. ನಾಳೆ ಯಾರಾದರೂ ಅವಳ ಮುಂದೆ ಅದ್ಭುತ ತೋರಿಸಿದರೆ ಅವಳು ಮೂರು ಪ್ರಶ್ನೆ ಕೇಳಬಲ್ಲಳು. ಕೈ ತೊಳೆದು ಬಂದು ಇದನ್ನೇ ಪುನಃ ತೋರಿಸುತ್ತೀರಾ? ನಾನು ತಂದ ಬಟ್ಟಲಿನಲ್ಲಿ ತೋರಿಸುತ್ತೀರಾ? ಮೇಜಿನ ಬಟ್ಟೆ ಎತ್ತಬಹುದಾ? ಪ್ರಾಮಾಣಿಕನಿಗೆ ಈ ಪ್ರಶ್ನೆಗಳಿಂದ ನಷ್ಟವಿಲ್ಲ. ಸಿಟ್ಟಿಗೆದ್ದು ಬಾಗಿಲು ತೋರಿಸುವವನ ಮನೆಯಿಂದ ಬಳೆ ಕಳಚುವ ಮೊದಲೇ ಹೊರಗೆ ಬನ್ನಿ.